8 ತಿಂಗಳ ಮಗು ಊಟ ಮುಟ್ಟುತ್ತಿಲ್ಲ, ಬರೀ ಹಾಲು. ಹಾಲು ಕಡಿಮೆ ಮಾಡಬೇಕಾ?

ಮಂಡ್ಯದ ಸೊಸೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮಗಳಿಗೆ 8 ತಿಂಗಳು ತುಂಬಿದೆ. ಹುಟ್ಟಿದಾಗ 2.9 ಕೆ.ಜಿ., ಆರು ತಿಂಗಳಿಗೆ 7.1, ಈಗ 7.6. ಆರು ತಿಂಗಳ ತನಕ ಬರೀ ಎದೆಹಾಲು ಕೊಟ್ಟೆ. ಅನ್ನಪ್ರಾಶನ ಮಾಡಿಸಿ ಊಟ ಶುರು ಮಾಡಿದೆವು. ಮೊದಲೆರಡು ವಾರ ಚೆನ್ನಾಗಿ ಬಾಯಿ ತೆರೆದಳು. ಈಗ ಚಮಚ ಕಂಡರೆ ಸಾಕು, ಮುಖ ತಿರುಗಿಸುತ್ತಾಳೆ. ನಾಲ್ಕು ಚಮಚ ಹೋದರೆ ಅದೇ ದೊಡ್ಡದು.

ನಾನು ಕೆಲಸಕ್ಕೆ ವಾಪಸ್ ಹೋಗುತ್ತಿದ್ದೇನೆ. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ನಾನು ಮನೆಗೆ ಬಂದ ತಕ್ಷಣ ಎದೆಗೆ ಅಂಟಿಕೊಂಡರೆ ಬೆಳಗ್ಗೆ ತನಕ ಬಿಡುವುದಿಲ್ಲ. ಅತ್ತೆ ಹೇಳುವುದು: "ಹಾಲು ಬಿಡಿಸು, ಹಸಿವಾದರೆ ತಾನಾಗಿ ಉಣ್ಣುತ್ತಾಳೆ." ನಮ್ಮಮ್ಮ ಹೇಳುವುದು: "ಹಾಲಿದ್ದರೆ ಸಾಕು, ಊಟ ನಿಧಾನಕ್ಕೆ ಬರುತ್ತೆ." ಇಬ್ಬರ ಮಾತೂ ಅರ್ಧ ಸರಿ ಅನಿಸುತ್ತದೆ. ಹಾಲು ಎಷ್ಟು, ಊಟ ಎಷ್ಟು, ಯಾವುದು ಮೊದಲು? ಅನುಭವ ಇರುವವರು ದಯವಿಟ್ಟು ಹೇಳಿ.

ಅವಳಿ ಅಮ್ಮ (ಹುಬ್ಬಳ್ಳಿ)

ಅಕ್ಕಾ, ಹಾಲು ಮಾತ್ರ ಬಿಡಿಸಬೇಡಿ. 8 ತಿಂಗಳಿಗೆ ಇನ್ನೂ ಅದೇ ಮುಖ್ಯ ಆಹಾರ. ಮೊದಲು ಒಂದು ಹೇಳಿ, ನೀವು ಕೊಡುತ್ತಿರುವ ಊಟ ಎಷ್ಟು ಗಟ್ಟಿ ಇದೆ? ನಮ್ಮ ಕಡೆ ಮಗುವಿಗೆ ಅಂದ ತಕ್ಷಣ ತೊವ್ವೆಯ ಮೇಲಿನ ತಿಳಿ ನೀರು, ಅನ್ನದ ಗಂಜಿ. ನೋಡೋಕೆ ಬಟ್ಟಲು ತುಂಬಿರುತ್ತದೆ, ಒಳಗೆ ಏನೂ ಇರುವುದಿಲ್ಲ. ನಮ್ಮ ಅವಳಿಗಳಲ್ಲಿ ಒಬ್ಬ ಅದನ್ನೇ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ, ತೂಕ ಮಾತ್ರ ಏರುತ್ತಿರಲಿಲ್ಲ. ಇನ್ನೊಬ್ಬಳು ಅದನ್ನು ಬಾಯಿಗೇ ಹಾಕಲಿಲ್ಲ. ನುಚ್ಚು ಬೇಯಿಸಿ, ಬೇಳೆ ಮಸೆದು, ತುಪ್ಪ ಹಾಕಿ ಗಟ್ಟಿಯಾಗಿ ಕೊಟ್ಟ ಮೇಲೆ ಇಬ್ಬರೂ ಸರಿಹೋದರು.

ಹಳೇ ಮೈಸೂರು ಅಜ್ಜಿ

ಮಗಳೇ, ನಿನ್ನ ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ಹೊಟ್ಟೆ ತುಂಬ ಹಾಲು ಕುಡಿದ ಮಗು ಊಟ ಮಾಡುವುದಾದರೂ ಹೇಗೆ? ನಾನು ಮೂರು ಮಕ್ಕಳು, ನಾಲ್ಕು ಮೊಮ್ಮಕ್ಕಳನ್ನು ನೋಡಿಕೊಂಡಿದ್ದೇನೆ. ಹಾಲು ಕುಡಿಸಿ ಕಾಲು ಗಂಟೆಗೆ ರಾಗಿ ಸರಿ ತಂದರೆ ಯಾವ ಮಗುವೂ ತಿನ್ನುವುದಿಲ್ಲ. ಮಧ್ಯೆ ಸಮಯ ಬೇಕು.

ರಾಗಿ ಸರಿ ಮಾಡಿದ್ದೀಯಾ? ರಾಗಿ ತೊಳೆದು ರಾತ್ರಿ ನೆನೆಸು. ಬೆಳಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡು. ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಸು. ತೆಳು ಬಟ್ಟೆಯಲ್ಲಿ ಜರಡಿ ಹಿಡಿ. ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವು. ಹಸಿ ವಾಸನೆ ಹೋಗಿ ಹೊಳಪು ಬರಬೇಕು. ಇಳಿಸುವಾಗ ತುಪ್ಪ.

ಮಕ್ಕಳ ವಾರ್ಡ್ ನರ್ಸ್

ನಾನು ಡಾಕ್ಟರ್ ಅಲ್ಲ. ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ, ತಾಯಂದಿರಿಗೆ ದಿನಾ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ತೂಕ. ಡಬ್ಲ್ಯೂಎಚ್‌ಒ ಚಾರ್ಟ್‌ನಲ್ಲಿ 8 ತಿಂಗಳ ಹೆಣ್ಣು ಮಗುವಿನ ನಡುಗೆರೆ 7.9 ಕೆ.ಜಿ. ನಿಮ್ಮ ಮಗಳು ಅದರ ಹತ್ತಿರವೇ ಇದ್ದಾಳೆ. ಆರು ತಿಂಗಳಾದ ಮೇಲೆ ತೂಕ ಏರುವ ವೇಗ ಎಲ್ಲ ಮಕ್ಕಳಲ್ಲೂ ಕಡಿಮೆಯಾಗುತ್ತದೆ. ಸುಮ್ನೆ ಗಾಬರಿಯಾಗಬೇಡಿ.

ಈಗ ಲೆಕ್ಕ. ಎದೆಹಾಲು ಚೆನ್ನಾಗಿ ಕುಡಿಯುವ ಮಗುವಿಗೆ 6ರಿಂದ 8 ತಿಂಗಳಲ್ಲಿ ಊಟದಿಂದ ಬರಬೇಕಾದ್ದು ದಿನಕ್ಕೆ ಸುಮಾರು 200 ಕ್ಯಾಲೊರಿ. ಬಾಕಿಯೆಲ್ಲ ಹಾಲಿನದ್ದೇ. 9ರಿಂದ 11 ತಿಂಗಳಿಗೆ ಅದು 300 ಆಗುತ್ತದೆ, ವರ್ಷ ತುಂಬಿದ ಮೇಲೆ 550. ಅಂದರೆ ಈಗ ಹಾಲು ಹೆಚ್ಚು, ಊಟ ಕಡಿಮೆ ಇರುವುದೇ ಸರಿ. ವರ್ಷ ದಾಟಿದ ಮೇಲೆ ತಕ್ಕಡಿ ನಿಧಾನವಾಗಿ ಊಟದ ಕಡೆ ವಾಲುತ್ತದೆ.

200 ಅಂದರೆ ಎಷ್ಟು? 250 ಮಿ.ಲೀ. ಹಿಡಿಯುವ ಬಟ್ಟಲಿನಲ್ಲಿ ಅರ್ಧ, ದಿನಕ್ಕೆ ಎರಡು ಸಲ. ಆದರೆ ಇದು ಗಟ್ಟಿ ಊಟದ ಲೆಕ್ಕ. ಅದನ್ನೇ ನೀರು ಮಾಡಿ ಅರ್ಧ ಸತ್ವಕ್ಕೆ ಇಳಿಸಿದರೆ ಎರಡು ಪಟ್ಟು ಕುಡಿಸಬೇಕಾಗುತ್ತದೆ. 8 ಕೆ.ಜಿ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದೇ ಸುಮಾರು 240 ಮಿ.ಲೀ. ನೀರು ಗಂಜಿಗೆ ಆ ಜಾಗ ಕೊಟ್ಟರೆ ಹಾಲಿಗೂ ಜಾಗ ಇಲ್ಲ, ಊಟಕ್ಕೂ ಇಲ್ಲ. ಹುಬ್ಬಳ್ಳಿಯವರು ಹೇಳಿದ್ದು ಇದನ್ನೇ. ಪರೀಕ್ಷೆ ಸುಲಭ: ಚಮಚ ಓರೆ ಮಾಡಿದರೆ ಊಟ ಅದರ ಮೇಲೆ ನಿಲ್ಲಬೇಕು, ಸುರಿದು ಹೋಗಬಾರದು. ಒಂದು ಟೀ ಚಮಚ ತುಪ್ಪ ಅಥವಾ ಎಣ್ಣೆಯಲ್ಲೇ ಸುಮಾರು 45 ಕ್ಯಾಲೊರಿ ಇದೆ.

ಹಾಲು ಬಿಡಿಸಿ ಹಸಿವು ಬರಿಸುವ ಉಪಾಯ ಬೇಡ. ಸಿಟ್ಟು, ಹಸಿವು ಎರಡೂ ಸೇರಿದ ಮಗು ಹೊಸ ರುಚಿ ಕಲಿಯುವುದಿಲ್ಲ. ಅಜ್ಜಿ ಹೇಳಿದಂತೆ ಮಧ್ಯೆ ಸಮಯ ಬಿಡಿ, ಒಂದರಿಂದ ಒಂದೂವರೆ ಗಂಟೆ. ಪೂರ್ತಿ ಹಸಿದಿರಬಾರದು, ಹೊಟ್ಟೆ ತುಂಬಿಯೂ ಇರಬಾರದು.

ದೂರದ ಕನ್ನಡತಿ (ಮೆಲ್ಬರ್ನ್)

ಇಲ್ಲಿನ ಅಮ್ಮಂದಿರ ಗುಂಪುಗಳಲ್ಲಿ ಒಂದು ಮಾತಿದೆ, ಒಂದು ವರ್ಷದ ತನಕ ಊಟ ಬರೀ ಆಟಕ್ಕೆ, ಹಾಲೇ ಎಲ್ಲ ಅಂತ. ನನಗೂ ಅದು ತುಂಬಾ ಧೈರ್ಯ ಕೊಟ್ಟಿತ್ತು. ಮಗು ಕೈಯಲ್ಲಿ ಹಿಸುಕಿ, ಮುಖಕ್ಕೆ ಬಳಿದುಕೊಂಡು ಆಡಲಿ ಬಿಡಿ. ಅಷ್ಟೊಂದು ಲೆಕ್ಕ ಯಾಕೆ?

ಮಕ್ಕಳ ವಾರ್ಡ್ ನರ್ಸ್

ಆಡಲಿ, ಅದು ಒಳ್ಳೆಯದೇ. ಆದರೆ "ಬರೀ ಆಟಕ್ಕೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ಒಂದೇ, ಕಬ್ಬಿಣ.

ಮಗು ಹೊಟ್ಟೆಯಲ್ಲಿದ್ದಾಗಲೇ ಕೂಡಿಟ್ಟುಕೊಂಡ ಕಬ್ಬಿಣ ಸುಮಾರು ಆರು ತಿಂಗಳು ಬರುತ್ತದೆ. ತೂಕ ಕಡಿಮೆ ಹುಟ್ಟಿದ ಅಥವಾ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಬೇಗ ಮುಗಿಯುತ್ತದೆ. ಎದೆಹಾಲಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಆದರೆ ಇರುವುದೇ ತೀರಾ ಸ್ವಲ್ಪ. ಆರು ತಿಂಗಳ ನಂತರ ಅದು ಊಟದಿಂದಲೇ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 67.1ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಮೂವರಲ್ಲಿ ಇಬ್ಬರು! ಇದನ್ನು ಓದಿದ ಮೇಲೂ ಊಟ ಆಟಕ್ಕೆ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಇನ್ನೊಂದು ವಿಷಯ: ರಕ್ತ ಕಡಿಮೆಯಾದ ಮಗುವಿಗೆ ಹಸಿವೂ ಕಡಿಮೆ. ಊಟ ಬಿಟ್ಟದ್ದಕ್ಕೆ ರಕ್ತ ಕಡಿಮೆ, ರಕ್ತ ಕಡಿಮೆಯಾದದ್ದಕ್ಕೆ ಊಟ ಬೇಡ. ಹಾಗೇ ಸುತ್ತುತ್ತಾ ಹೋಗುತ್ತದೆ.

ಕುಂದಾಪುರದ ಬಾಣಂತಿ

ಕಬ್ಬಿಣಕ್ಕೆ ಏನು ಕೊಡುತ್ತೀರಿ ಎಂದು ಯಾರೂ ಹೇಳಲಿಲ್ಲವಲ್ಲ. ನಮ್ಮಲ್ಲಿ ರಾಗಿ ಮಣ್ಣಿ, ಕುಚ್ಚಲಕ್ಕಿ ಗಂಜಿಯಿಂದ ಶುರು. ಅದರ ಜೊತೆ ಬೇಗನೇ ಚೆನ್ನಾಗಿ ಬೆಂದ ಮೊಟ್ಟೆ, ಮೀನು ಕೊಟ್ಟೆವು. ಬಂಗುಡೆಯ ಮುಳ್ಳನ್ನು ಬೆರಳಲ್ಲೇ ಹುಡುಕಿ ಹುಡುಕಿ ತೆಗೆದು, ಗಂಜಿಯ ಅನ್ನದ ಜೊತೆ ನುರಿದು ಕೊಡುವುದು. ಖಾರ ಇಲ್ಲ, ಉಪ್ಪಿಲ್ಲ. ನನ್ನ ಮಗ ಸಿಹಿ ಮಣ್ಣಿಗಿಂತ ಅದನ್ನೇ ಜಾಸ್ತಿ ತಿಂದ. ಮಕ್ಕಳಿಗೆ ಸಿಹಿಯೇ ಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಹಾಗೇನಿಲ್ಲ.

ಮಕ್ಕಳ ವಾರ್ಡ್ ನರ್ಸ್

ತುಂಬಾ ಒಳ್ಳೆಯದು. ಮಾಂಸ, ಮೀನಿನ ಕಬ್ಬಿಣ ಸುಲಭವಾಗಿ ಮೈಗೆ ಸೇರುತ್ತದೆ. ತಿನ್ನುವ ಮನೆಯಾದರೆ ಆರು ತಿಂಗಳಿಂದಲೇ ಕೊಡಬಹುದು, ಮೆತ್ತಗೆ ಬೇಯಿಸಿ ನುಣ್ಣಗೆ ಮಾಡಿ. ತಿನ್ನದ ಮನೆಯಲ್ಲಿ ಬೇಳೆ, ಕಡಲೆ, ಹೆಸರುಕಾಳು, ಸೊಪ್ಪು ಇವೇ ಗತಿ. ಅದರ ಜೊತೆ ಹುಳಿ ಹಣ್ಣು ಏನಾದರೂ ಇರಲಿ. ಬೇಳೆಗೆ ನಾಲ್ಕು ಹನಿ ನಿಂಬೆರಸ, ಊಟದ ನಂತರ ಪೇರಲೆಯೋ ಕಿತ್ತಳೆಯೋ ಒಂದಿಷ್ಟು. ಸಿ ಜೀವಸತ್ವ ಇದ್ದರೆ ಕಾಳುಬೇಳೆಯ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಟೀ ಅಂತೂ ಒಂದು ಗುಟುಕೂ ಬೇಡ.

ಅಜ್ಜಿ, ನಿಮ್ಮ ರಾಗಿ ಸರಿಯ ವಿಷಯಕ್ಕೆ ಬರುತ್ತೇನೆ. ರಾಗಿಯಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಭರ್ತಿ ಇದೆ, 100 ಗ್ರಾಂಗೆ ಸುಮಾರು 360 ಮಿ.ಗ್ರಾಂ. ಕಬ್ಬಿಣವೂ ಇದೆ, ಆದರೆ ಅದನ್ನು ಮೈಗೆ ಸೇರದಂತೆ ಹಿಡಿದಿಡುವ ಫೈಟೇಟ್ ಕೂಡ ಇದೆ. ಮೊಳಕೆ ಕಟ್ಟಿದಾಗ ಅದು ಕಡಿಮೆಯಾಗುತ್ತದೆ. ಇನ್ನೊಂದು ದೊಡ್ಡ ಉಪಯೋಗ, ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಮೊಳಕೆ ರಾಗಿಯ ಸರಿಗೆ ಹೆಚ್ಚು ಹಿಟ್ಟು ಹಾಕಿದರೂ ಅಂಟಾಗದೆ ನುಂಗಲು ಸಲೀಸಾಗಿರುತ್ತದೆ. ಅದೇ ಬಟ್ಟಲಿನಲ್ಲಿ ಜಾಸ್ತಿ ಸತ್ವ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಕ್ಕಳ ಆಹಾರಕ್ಕಾಗಿ ಇದರ ಮೇಲೆ ಎಷ್ಟೋ ವರ್ಷಗಳ ಹಿಂದೆಯೇ ಕೆಲಸ ನಡೆದಿದೆ. ಆದರೆ ಮೂರು ಹೊತ್ತೂ ರಾಗಿಯೇ ಆಗಬಾರದು. ಒಂದು ಹೊತ್ತು ಸಾಕು.

ಮಂಡ್ಯದ ಸೊಸೆ (ಬೆಂಗಳೂರು)

ಎಲ್ಲರಿಗೂ ಧನ್ಯವಾದ. ನಮ್ಮ ದಿನ ಹೇಗಿದೆ ಅಂತ ಪೂರ್ತಿ ಹೇಳುತ್ತೇನೆ, ಎಲ್ಲಿ ಬದಲಾಯಿಸಬೇಕು ನೋಡಿ.

ಬೆಳಗ್ಗೆ 6ಕ್ಕೆ, ಮತ್ತೆ ನಾನು ಹೊರಡುವ ಮುಂಚೆ 8:30ಕ್ಕೆ ಎದೆಹಾಲು. 9ಕ್ಕೆ ಅತ್ತೆ ರಾಗಿ ಹಿಟ್ಟನ್ನು ತೆಳ್ಳಗೆ ಮಾಡಿ ಬಾಟಲಿಯಲ್ಲಿ ಕೊಡುತ್ತಾರೆ. 11ಕ್ಕೆ ನಾನು ತೆಗೆದಿಟ್ಟ ಹಾಲು. 1 ಗಂಟೆಗೆ ಬೇಳೆ ಕಟ್ಟು, ಅನ್ನ. ಮಿಕ್ಸಿಯಲ್ಲಿ ತಿರುವಿ, ಟಿವಿ ಹಾಕಿ, ಮುಕ್ಕಾಲು ಗಂಟೆ ಹಿಂದೆ ಹಿಂದೆ ಓಡಾಡಿ. 4ಕ್ಕೆ ಬಿಸ್ಕತ್ತು ಹಾಲಲ್ಲಿ ನೆನೆಸಿ. 6:30ಕ್ಕೆ ನಾನು ಬರುತ್ತೇನೆ, ಅಲ್ಲಿಂದ ಎದೆಹಾಲು. ರಾತ್ರಿ ಊಟ ಇಲ್ಲ. ರಾತ್ರಿಯಿಡೀ ನಾಲ್ಕೈದು ಸಲ ಎದ್ದು ಕುಡಿಯುತ್ತಾಳೆ.

ಅವಳಿ ಅಮ್ಮ (ಹುಬ್ಬಳ್ಳಿ)

ಹಗಲಿಡೀ ನೀರು ರಾಗಿ, ಬೇಳೆ ನೀರು, ಬಿಸ್ಕತ್ತು. ಪಾಪ, ಮಗು ರಾತ್ರಿ ಅಮ್ಮನ ಹತ್ತಿರ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದೆ!

ಮಕ್ಕಳ ವಾರ್ಡ್ ನರ್ಸ್

ಹೌದು, ಇದು ಕೆಲಸಕ್ಕೆ ಹೋಗುವ ಅಮ್ಮಂದಿರ ಮನೆಯಲ್ಲಿ ತುಂಬಾ ಕಾಣುತ್ತೇವೆ. ಮಗು ಹಗಲು ಕಡಿಮೆ ತಿಂದು, ಅಮ್ಮ ಸಿಕ್ಕ ಹೊತ್ತಿನಲ್ಲಿ ಎಲ್ಲ ವಸೂಲಿ ಮಾಡುತ್ತದೆ. ಬೆಳಗ್ಗೆ ಹೊಟ್ಟೆ ತುಂಬಿರುವುದರಿಂದ ಮತ್ತೆ ಊಟ ಬೇಡ. ಮಗಳದ್ದೂ ತಪ್ಪಲ್ಲ, ನಿಮ್ಮದೂ ಅಲ್ಲ. ಹೆರಿಗೆ ರಜೆ ಕಾನೂನಿನ 2017ರ ತಿದ್ದುಪಡಿಯ ನಂತರ ರಜೆ 26 ವಾರ, ಅಂದರೆ ಊಟ ಶುರುವಾಗುವ ಹೊತ್ತಿಗೆ ಸರಿಯಾಗಿ ಅಮ್ಮ ಕೆಲಸಕ್ಕೆ ವಾಪಸ್. ಹೆರಿಗೆಗೆ ಮೊದಲೇ ಸ್ವಲ್ಪ ರಜೆ ಹಾಕಿದವರಿಗೆ ಇನ್ನೂ ಮುಂಚೆ.

ಬಾಟಲಿಯ ರಾಗಿಯನ್ನು ನಾಳೆಯಿಂದಲೇ ನಿಲ್ಲಿಸಿ. ಬಾಟಲಿಯಲ್ಲಿ ಹೋಗಬೇಕಾದರೆ ಅದು ನೀರಾಗಿರಲೇಬೇಕು. ಮಗು ಅಗಿಯುವುದನ್ನೂ ಕಲಿಯುವುದಿಲ್ಲ. ಬೆಳಗ್ಗೆ 8:30ರ ಎದೆಹಾಲು ಇರಲಿ, ರಾಗಿ ಸರಿಯನ್ನು 10ಕ್ಕೆ ತಳ್ಳಿ, ಬಟ್ಟಲಲ್ಲಿ ಗಟ್ಟಿಯಾಗಿ. ನೀವು ತೆಗೆದಿಟ್ಟ ಹಾಲು 11:30ಕ್ಕೆ ಹೋಗಲಿ, ಮಧ್ಯಾಹ್ನದ ಊಟ 1:30ಕ್ಕೆ. ಬೇಳೆಯ ನೀರು ಬಸಿಯದೆ ಬೇಳೆಯನ್ನೇ ಮಸೆಯಿರಿ, ಒಂದು ತರಕಾರಿ, ತುಪ್ಪ. ಬಿಸ್ಕತ್ತಿನ ಜಾಗಕ್ಕೆ ಹಣ್ಣು. 7:30ಕ್ಕೆ ನಿಮ್ಮ ಜೊತೆ ಕೂತು ನಿಮ್ಮ ತಟ್ಟೆಯದೇ ಸಪ್ಪೆ ಊಟ ಸ್ವಲ್ಪ. ಅದಾದ ಮೇಲೆ ಎದೆಹಾಲು ಎಷ್ಟು ಬೇಕೋ ಅಷ್ಟು. ರಾತ್ರಿಯ ಹಾಲನ್ನು ಈಗಲೇ ಕತ್ತರಿಸಬೇಡಿ. ಹಗಲು ತುಂಬಿದರೆ ರಾತ್ರಿ ತಾನಾಗಿ ಕಡಿಮೆಯಾಗುತ್ತದೆ.

ಟಿವಿ ಆರಿಸಿ. 20ರಿಂದ 30 ನಿಮಿಷ, ಅಷ್ಟೇ. ಮುಖ ತಿರುಗಿಸಿದರೆ ಚಮಚ ಕೆಳಗಿಡಿ, ಸ್ವಲ್ಪ ತಾಳಿ, ಇನ್ನೊಮ್ಮೆ ತೋರಿಸಿ. ಬೇಡ ಅಂದರೆ ಮುಗಿಯಿತು. ಅವಳ ಕೈಗೂ ಒಂದು ಚಮಚ ಕೊಡಿ.

ಮಿಕ್ಸಿಯಿಂದಲೂ ಹೊರಗೆ ಬನ್ನಿ. 8 ತಿಂಗಳಿಗೆ ಕೈಯಲ್ಲಿ ಮಸೆದ, ಅಲ್ಲಲ್ಲಿ ತುಣುಕು ಸಿಗುವ ಊಟ ಬೇಕು. 10 ತಿಂಗಳು ದಾಟಿದರೂ ತುಣುಕಿನ ಅಭ್ಯಾಸ ಆಗದಿದ್ದರೆ ಮುಂದೆ ಊಟದ ತಕರಾರು ಜಾಸ್ತಿ.

ಪುಣೆಯ ಅಪ್ಪ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮಗನಿಗೆ 9 ತಿಂಗಳು. ಹೆಂಡತಿಗೆ ಆರೋಗ್ಯ ಸರಿಯಿಲ್ಲದೆ ಮೂರನೇ ತಿಂಗಳಿಂದ ಡಬ್ಬಿ ಹಾಲು. ಈಗ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತಾನೆ. ಊಟ ಎರಡು ಚಮಚ. ಇವನಿಗೂ ಹಾಲು ಕಡಿಮೆ ಮಾಡಬಾರದಾ?

ಮಕ್ಕಳ ವಾರ್ಡ್ ನರ್ಸ್

ನಿಮ್ಮ ಮಗನಿಗೆ ಕಡಿಮೆ ಮಾಡಬಹುದು, ನಿಧಾನವಾಗಿ. 7ರಿಂದ 9 ತಿಂಗಳಲ್ಲಿ ಡಬ್ಬಿ ಹಾಲು ಸುಮಾರು 600 ಮಿ.ಲೀ. ಸಾಕು, 10ರಿಂದ 12ಕ್ಕೆ 400ರ ಆಸುಪಾಸು. ಒಂದು ಲೀಟರ್ ಹೋದರೆ ಊಟಕ್ಕೆ ಜಾಗ ಎಲ್ಲಿದೆ? ಊಟದ ಹಿಂದೆ ಮುಂದೆ ಇರುವ ಒಂದು ಬಾಟಲಿಯಿಂದ ಶುರು ಮಾಡಿ, ಎರಡು ಮೂರು ದಿನಕ್ಕೊಮ್ಮೆ 30 ಮಿ.ಲೀ. ಇಳಿಸಿ. 9 ತಿಂಗಳ ನಂತರ ಊಟ ಮೊದಲು, ಹಾಲು ಆಮೇಲೆ. ಆದರೆ ಹಾಲಿಗೆ ನೀರು ಜಾಸ್ತಿ ಬೆರೆಸಿ ಅಳತೆ ತುಂಬಿಸಬೇಡಿ. ಡಬ್ಬಿಯಲ್ಲಿ ಬರೆದ ಪ್ರಮಾಣವೇ ಪ್ರಮಾಣ. ತೂಕ, ರಕ್ತ ಎರಡನ್ನೂ ಒಮ್ಮೆ ಮಕ್ಕಳ ಡಾಕ್ಟರ್ ಹತ್ತಿರ ನೋಡಿಸಿಕೊಳ್ಳಿ.

ಹಳೇ ಮೈಸೂರು ಅಜ್ಜಿ

ಡಬ್ಬಿ ಹಾಲು ಯಾಕಪ್ಪ, ಹಸುವಿನ ಹಾಲು ಇಲ್ಲವೇ? ನಾವು ಆರನೇ ತಿಂಗಳಿಗೆ ಹಸುವಿನ ಹಾಲು ಕೊಟ್ಟೇ ಬೆಳೆಸಿದೆವು.

ಮಕ್ಕಳ ವಾರ್ಡ್ ನರ್ಸ್

ಅಜ್ಜಿ, ಎದೆಹಾಲು ಸಿಗದ ಮಗುವಿಗೆ ಆರು ತಿಂಗಳ ನಂತರ ಪ್ರಾಣಿಯ ಹಾಲೂ ಆಗುತ್ತದೆ ಎಂದು ಡಬ್ಲ್ಯೂಎಚ್‌ಒ 2023ರಲ್ಲಿ ಹೇಳಿದೆ. ನಮ್ಮ ಮಕ್ಕಳ ಡಾಕ್ಟರುಗಳು ಮಾತ್ರ ವರ್ಷದ ತನಕ ಕಾಯಿರಿ ಅನ್ನುತ್ತಾರೆ, ನಾನೂ ಅದನ್ನೇ ಹೇಳುವುದು. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರ ಸುಣ್ಣದ ಅಂಶ ಬೇರೆ ಊಟದ ಕಬ್ಬಿಣಕ್ಕೂ ಅಡ್ಡ ಬರುತ್ತದೆ. ಕೆಲವು ಕೂಸುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ಸರಿಗೆ ಒಂದಿಷ್ಟು ಹಾಲು, ಅನ್ನಕ್ಕೆ ಎರಡು ಚಮಚ ಮೊಸರು, ಅದಕ್ಕೇನೂ ತೊಂದರೆಯಿಲ್ಲ. ಲೋಟಗಟ್ಟಲೆ ಬೇಡ.

ಜೇನುತುಪ್ಪ ಅಂತೂ ವರ್ಷ ತುಂಬುವ ತನಕ ನಾಲಿಗೆಗೆ ನೆಕ್ಕಿಸಲೂ ಬಾರದು. ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಅಂಗನವಾಡಿ ಟೀಚರ್ (ಚಿತ್ರದುರ್ಗ ಜಿಲ್ಲೆ)

ನಮಸ್ತೆ. ಎಲ್ಲರೂ ಖರ್ಚಿನ ಮಾತಾಡದೆ ಹಣ್ಣು, ಮೀನು ಅನ್ನುತ್ತಿದ್ದೀರಿ. ನಮ್ಮ ಊರಲ್ಲಿ ಕೂಲಿಗೆ ಹೋಗುವ ತಾಯಂದಿರೇ ಹೆಚ್ಚು. ಅವರಿಗಾಗಿ ಬರೆಯುತ್ತಿದ್ದೇನೆ.

ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಪುಷ್ಟಿ ಹಿಟ್ಟು ಸಿಗುತ್ತದೆ. ಅದು ಮಗುವಿನ ಪಾಲು, ಇಡೀ ಮನೆಯವರು ಉಂಡೆ ಕಟ್ಟಿ ತಿನ್ನಬೇಡಿ ಎಂದು ನಾನು ಮನೆಮನೆಗೂ ಹೋಗಿ ಹೇಳುತ್ತೇನೆ. ಆಶಾ ಕಾರ್ಯಕರ್ತೆ ಹತ್ತಿರ ಕಬ್ಬಿಣದ ಸಿರಪ್ ಇರುತ್ತದೆ, 6 ತಿಂಗಳಿಂದ 5 ವರ್ಷದ ತನಕ ವಾರಕ್ಕೆ ಎರಡು ಸಲ, ಒಂದೊಂದು ಮಿ.ಲೀ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಸಿರಪ್ ಕೊಟ್ಟ ತಕ್ಷಣ ಹಾಲು ಕುಡಿಸಬೇಡಿ. ಜ್ವರ ಇದ್ದಾಗ ಕೊಡಬೇಡಿ.

ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಇದೆ. ಪ್ರತಿ ತಿಂಗಳು ಬಂದು ತೂಗಿಸಿ, ಚುಕ್ಕಿ ಹಾಕಿಸಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಪಕ್ಕದ ಮನೆ ಮಗು ಎಷ್ಟು ದಪ್ಪ ಇದೆ ಅನ್ನುವುದು ಬೇಡ. ಎರಡು ತಿಂಗಳು ಚಪ್ಪಟೆಯಾದರೆ ಆಸ್ಪತ್ರೆಗೆ ಹೋಗಬೇಕು.

ಮತ್ತೆ, ಕಾಯಿಲೆ ಬಂದಾಗ ಊಟ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಭೇದಿಯಾದಾಗ ಎದೆಹಾಲು ಇನ್ನೂ ಜಾಸ್ತಿ ಕೊಡಿ, ಮೆತ್ತಗಿನ ಊಟ ಸ್ವಲ್ಪ ಸ್ವಲ್ಪ ಕೊಡುತ್ತಿರಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ.

ಕುಂದಾಪುರದ ಬಾಣಂತಿ

ಟೀಚರ್, ಇದು ಬೇಕಿತ್ತು. ನಮ್ಮ ಮನೆಯಲ್ಲೂ ಸಿರಪ್ ಬಾಟಲಿ ಕಪಾಟಿನಲ್ಲೇ ಕೂತಿದೆ. ಇವತ್ತೇ ತೆಗೆಯುತ್ತೇನೆ.

ಮಂಡ್ಯದ ಸೊಸೆ (ಬೆಂಗಳೂರು)

ಸುಮಾರು ದಿನಗಳ ನಂತರ ಬರೆಯುತ್ತಿದ್ದೇನೆ. ಅತ್ತೆಗೆ ಇಲ್ಲಿರುವುದನ್ನೆಲ್ಲ ಓದಿ ಹೇಳಿದೆ. ಬಾಟಲಿ ತೆಗೆಯೋಕೆ ಒಪ್ಪಲು ಸ್ವಲ್ಪ ಸಮಯ ಬೇಕಾಯಿತು, ಮೊಳಕೆ ರಾಗಿ ಅಂದಾಗ ಮಾತ್ರ ಅವರೇ ಮುಂದೆ ನಿಂತು ಮಾಡಿದರು. ಮೊದಲ ವಾರ ಮಗಳು ಗಟ್ಟಿ ಊಟವನ್ನು ನಾಲಿಗೆಯಲ್ಲಿ ಹೊರಗೆ ತಳ್ಳುತ್ತಿದ್ದಳು. ಈಗ ಕುಂಬಳಕಾಯಿ ಹಾಕಿ ಮಸೆದ ಬೇಳೆ ಅನ್ನ ತಿನ್ನುತ್ತಿದ್ದಾಳೆ. ಅರ್ಧ ಬಟ್ಟಲು ಇನ್ನೂ ಆಗಿಲ್ಲ, ಕಾಲು ಬಟ್ಟಲು ಹೋಗುತ್ತಿದೆ. ರಾತ್ರಿ ಏಳುವುದು ಸ್ವಲ್ಪ ಕಡಿಮೆ. ಮಲ ಮಾತ್ರ ಗಟ್ಟಿಯಾಗಿದೆ, ಅಳುತ್ತಾಳೆ. ಏನು ಮಾಡಲಿ?

ಅವಳಿ ಅಮ್ಮ (ಹುಬ್ಬಳ್ಳಿ)

ಕಾಲು ಬಟ್ಟಲು ತಾನಾಗಿ ಹೋಗುತ್ತಿದೆ ಅಂದರೆ ಅದೇ ಸಂತೋಷದ ಸುದ್ದಿ ಅಕ್ಕಾ! ಮಲಕ್ಕೆ ನಾವು ಪಪ್ಪಾಯಿ ಹಣ್ಣು ಮಸೆದು ಕೊಡುತ್ತಿದ್ದೆವು. ಒಣದ್ರಾಕ್ಷಿ ನೆನೆಸಿ ಕಿವುಚಿದ ನೀರು, ಒಂದೆರಡು ಚಮಚ.

ಮಕ್ಕಳ ವಾರ್ಡ್ ನರ್ಸ್

ಊಟ ಗಟ್ಟಿಯಾದಾಗ ಹೀಗಾಗುವುದು ಸಾಮಾನ್ಯ. ಊಟದ ಜೊತೆ ಕಾಯಿಸಿ ಆರಿಸಿದ ನೀರು ಕೊಡಿ, ಪುಟ್ಟ ಲೋಟದಲ್ಲಿ ಗುಟುಕು ಗುಟುಕಾಗಿ, ಹೊಟ್ಟೆ ತುಂಬುವಷ್ಟಲ್ಲ. ಪಪ್ಪಾಯಿ, ಪಿಯರ್ ಹಣ್ಣು, ಸೊಪ್ಪು ಇರಲಿ. ಬಾಳೆಹಣ್ಣು ಕಾಯಿಯಂತಿದ್ದರೆ ಬೇಡ, ಚೆನ್ನಾಗಿ ಕಳಿತದ್ದು ಕೊಡಿ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಡಾಕ್ಟರ್‌ಗೆ ತೋರಿಸಿ.

9 ತಿಂಗಳು ತುಂಬಿದ ಮೇಲೆ ಊಟ ಮೊದಲು ಮಾಡಿ, ದಿನಕ್ಕೆ ಮೂರು ಸಲ, ಮಧ್ಯೆ ಒಂದು ಹಣ್ಣು. ಎದೆಹಾಲನ್ನು ಎರಡು ವರ್ಷ, ಇಬ್ಬರಿಗೂ ಇಷ್ಟವಿದ್ದರೆ ಇನ್ನೂ ಮುಂದಕ್ಕೂ ಕೊಡಬಹುದು. ವರ್ಷ ತುಂಬಿದ ಮೇಲೆ ಹಸುವಿನ ಹಾಲು ಶುರು ಮಾಡಿದರೆ ದಿನಕ್ಕೆ 500 ಮಿ.ಲೀ. ಮೀರದಂತೆ ನೋಡಿಕೊಳ್ಳಿ, ಲೋಟದಲ್ಲೇ ಕೊಡಿ. ಆಗ ಅತ್ತೆಯವರು "ಊಟ ಮಾಡಲಿಲ್ಲ, ಒಂದು ಲೋಟ ಹಾಲಾದರೂ ಕುಡಿಯಲಿ" ಎಂದು ಹಾಲು ತಂದರೆ ಬೇಡ ಅನ್ನಿ. ಅರ್ಧ ಗಂಟೆ ಬಿಟ್ಟು ಅದೇ ಊಟವನ್ನು ಇನ್ನೊಮ್ಮೆ ತೋರಿಸಿ.